ಕಡಲೆಕಾಯಿ ಸುಲಿಯುವಾಗ

ಪರಾಗ್ವೆಯ ಈ ಚಾಕೋ ಬಯಲಲ್ಲಿ
ಬಡಗಣ ಗಾಳಿಗೆ ಬಾಗಿಲಿಲ್ಲ.
ಹಿಟ್ಟಿನಂಥ ಧೂಳು ಹೊತ್ತು ಬಂದು
ತೊಟ್ಟಿಲಲ್ಲೂ ತಟ್ಟೆಯಲ್ಲೂ ಕೂರುತ್ತದೆ.
ಅಂಥ ಮಧ್ಯಾಹ್ನ ಜೋಳದ ಹೊಲಕ್ಕೆ ಯಾರೂ ಇಳಿಯರು.
ಅಜ್ಜಿ ಅಗನೇತಾ ಮೂಟೆ ಬಿಚ್ಚಿ
ಹಜಾರದ ನೆಲಕ್ಕೆ ಕಡಲೆಕಾಯಿ ಸುರಿದು
'ಕೂತ್ಕೊಳ್ಳಿ' ಅನ್ನುತ್ತಿದ್ದಳು.
ಕೈಗೆ ಕೆಲಸ, ಕಿವಿಗೆ ಕತೆ.

ಕತೆ ಯಾವಾಗಲೂ ಒಂದೇ.
ಡಿಸೆಂಬರು. ಆಮೂರ್ ನದಿ ಕಲ್ಲಾಗಿತ್ತು.
ಈ ದಡದಲ್ಲಿ ಪ್ರಾರ್ಥನೆಗೆ ಬೀಗ ಜಡಿದವರು,
ಆ ದಡದಲ್ಲಿ ಚೀನಾ.
ಸಾಲು ಸಾಲು ಜಾರುಬಂಡಿ, ಒಂದು ಇಡೀ ಊರು
ದೀಪ ಆರಿಸದೆ, ಒಲೆ ಆರಿಸದೆ,
ಬೆಳಗ್ಗೆ ಹಾಲು ಕರೆಯಲು ಇದ್ದೇ ಇರುತ್ತೇವೆ ಎಂಬಂತೆ
ಎದ್ದು ಹೊರಟಿತ್ತು.

ಅಜ್ಜಿಯ ಅಣ್ಣ ಕೊರ್ನೀಲಿಯುಸ್, ಅವನ ಹೆಣ್ಣುಕುದುರೆ ಫೂಕ್ಸ್.
ಹುಟ್ಟಾ ಬಾಯಿಬಡುಕಿ,
ಎಲೆ ಅಲುಗಿದರೂ ಊರಿಗೆಲ್ಲ ಸಾರುವಂಥದ್ದು,
ಆ ರಾತ್ರಿ ತುಟಿ ಬಿಚ್ಚಲಿಲ್ಲ.
'ಕರ್ತನೇ ಅದರ ಮೂತಿ ಹಿಡಿದಿದ್ದ.'
'ಕರ್ತನಲ್ಲ, ನಾನು. ಓಟ್ಸ್ ಚೀಲ ಕಟ್ಟಿದ್ದೆ'
ಗೋಡೆಗೊರಗಿದ ಮುದುಕ, ಪ್ರತಿ ಸಲವೂ.
'ಚೀಲ ನಿನ್ನದು' ಅಜ್ಜಿ.
ಅಷ್ಟೇ. ಸುಲಿಯುತ್ತಿದ್ದಳು.

ಸತ್ಯವೇದವನ್ನು ನಾನು ಓದಿದ್ದು ಆಮೇಲೆ.
ಅಷ್ಟು ಹೊತ್ತಿಗೆ ನನ್ನ ಮೋಶೆಗೆ ಉಣ್ಣೆಬೂಟು ಬಂದಿತ್ತು,
ಗಡ್ಡದಲ್ಲಿ ಮಂಜಿನ ಕಡ್ಡಿ.
ಕೆಂಪು ಸಮುದ್ರ ಇಬ್ಭಾಗವಾಗಲಿಲ್ಲ, ಗಟ್ಟಿಯಾಯಿತು.
ಫರೋಹನ ಸಿಪಾಯಿಗಳು ದಡದಲ್ಲಿ ಬೀಡಿ ಹಚ್ಚಿಕೊಂಡು
ಬೇರೆ ಕಡೆ ನೋಡುತ್ತಿದ್ದರು.
ಮನ್ನಾ ಎಂದರೆ ಕಡಲೆಕಾಯಿ ಎಂದು
ಭಾನುವಾರದ ಶಾಲೆಯಲ್ಲಿ ಹೇಳಿ
ಮೂಲೆಯಲ್ಲಿ ನಿಂತಿದ್ದೇನೆ.

ಆದರೆ ಕತೆ ನಡುನದಿಗೆ ಬಂದಾಗ
ಅಜ್ಜಿ ನಿಲ್ಲಿಸುತ್ತಿದ್ದಳು.
ಒಂದು ಕಾಯಿ ಒಡೆಯುವಷ್ಟು ಹೊತ್ತು. ಎರಡು.
ನೀರು ಕುಡಿಯಲಿಕ್ಕಲ್ಲ, ಕೆಮ್ಮಲಿಕ್ಕಲ್ಲ.
ಆಮೇಲೆ ಒಮ್ಮೆಗೇ ಆಚೆ ದಡ,
ಗುರುತಿಲ್ಲದವನೊಬ್ಬ ಕೊಟ್ಟ ಬಿಸಿನೀರು,
ಹಾರ್ಬಿನ್, ಹಡಗು, ಈ ಮುಳ್ಳುಕಾಡು.

ಕೆನಡಾದ ನೆಂಟರು ಕ್ರಿಸ್ಮಸ್ಸಿಗೆ ಪೆಟ್ಟಿಗೆ ಕಳಿಸುತ್ತಿದ್ದರು:
ಗುಂಡಿ, ಸೂಜಿ, ಕಾಫಿ,
ಹಬ್ಬದ ರೊಟ್ಟಿಯೊಳಗೆ ಸುತ್ತಲು ಒಂದು ಪೊಟ್ಟಣ ಗಸಗಸೆ.
ದಾರದ ತುಂಡನ್ನೂ ಎಸೆಯದ ಜಿಪುಣಿ ಅಜ್ಜಿ
ಆ ಗಸಗಸೆಯನ್ನು ಕೋಳಿಗಳಿಗೆ ಎರಚಿಬಿಡುತ್ತಿದ್ದಳು.

ಹೇಳಿದ್ದು ಒಂದೇ ಸಲ.
ನಾನು ಎಂಟು ತಿಂಗಳ ಬಸುರಿ,
ನೆಲಕ್ಕೆ ಕೂರಲಾಗದೆ ಬೆಂಚಿನ ಮೇಲಿದ್ದೆ.
'ಕೂಸು ಅಳಬಾರದೆಂದು
ಗಸಗಸೆ ಕಾಯಿ ಕುದಿಸಿದ ನೀರು ಕುಡಿಸಿದರು.
ನನ್ನ ತಂಗಿ ತೀನಾ. ನನ್ನ ತೊಡೆಯ ಮೇಲೇ ಇತ್ತು.
ಅಳಲಿಲ್ಲ.'
ಸಿಪ್ಪೆ ಒಡೆದಳು.
'ಆಚೆ ದಡದಲ್ಲೂ ಅಳಲಿಲ್ಲ.'

ಕೇಳಬಾರದಿತ್ತು, ಕೇಳಿಬಿಟ್ಟೆ:
ಆಗ ಕರ್ತನ ಕೈ ಎಲ್ಲಿತ್ತು?
ಅಜ್ಜಿ ಸಿಟ್ಟಾಗಲಿಲ್ಲ.
ಮಡಿಲು ಕೊಡವಿ ಎದ್ದು
ಎಂದಿನಂತೆ ಎಲ್ಲರನ್ನೂ ಊಟಕ್ಕೆ ಕೂಗಿ
ಎಂದಿನಂತೆ ಕಣ್ಣು ಮುಚ್ಚಿ ಪ್ರಾರ್ಥಿಸಿದಳು.
'ಆಮೆನ್' ಒಂದನ್ನು ಮಾತ್ರ
ಅವತ್ತು ನಮಗೆ ಬಿಟ್ಟಳು.

ಈಗ ಮೂಟೆ ಬಿಚ್ಚುವವಳು ನಾನು.
ಸೊಸೈಟಿಯಲ್ಲಿ ಸುಲಿಯುವ ಯಂತ್ರ ಬಂದಿದೆ,
ಆದರೂ ಮನೆಗೆಂದು ಒಂದು ಮೂಟೆ ಉಳಿಸಿಕೊಳ್ಳುತ್ತೇನೆ.
ಆಬ್ರಮ್‌ಗೆ ಏಳು ತುಂಬಿತು. ಹಿಮ ಎಂದರೆ ಅವನಿಗೆ
ಫ್ರಿಜ್ಜಿನ ತಟ್ಟೆಯಲ್ಲಿರುವ ಹನ್ನೆರಡು ಚೌಕ.
ಓಟ್ಸ್ ಚೀಲ ಬಂದಾಗ ನಗುತ್ತಾನೆ,
ದೇವರೋ ಚೀಲವೋ ಎಂದು ದಿನಕ್ಕೊಂದು ಪಕ್ಷ ಹಿಡಿಯುತ್ತಾನೆ.

ನಿನ್ನೆ ಕೇಳಿದ:
'ಅಮ್ಮಾ, ನದಿ ನಡುವೆ ಯಾಕೆ ನಿಲ್ತೀಯ?'
ನಿಲ್ಲುತ್ತೇನೆಂದು ನನಗೇ ಗೊತ್ತಿರಲಿಲ್ಲ.
'ಅಲ್ಲಿ ಹಿಮ ತೆಳು' ಅಂದೆ.

ಅವನು ಒಪ್ಪಿಕೊಂಡ.
ನೀರು ಕುಡಿಯಲು ಎದ್ದವನು
ಚಪ್ಪಲಿ ಬಿಟ್ಟು, ಹರಡಿದ ಸಿಪ್ಪೆಯ ಮೇಲೆ
ಒಂದೊಂದೇ ಹೆಜ್ಜೆ ಊರುತ್ತ
'ಫೂಕ್ಸ್, ಸುಮ್ನಿರು' ಎಂದು ಪಿಸುಗುಟ್ಟುತ್ತ
ಅಡುಗೆಮನೆ ಸೇರಿದ.