ಸೋಲಾಪುರದ ಸಾಲು

ನಮ್ಮ ಓಣಿಗೆ ಸೋಲಾಪುರದ ಸಾಲು ಎಂದು ಹೆಸರು.
ಸೋಲಾಪುರ ನೋಡಿದವರು ಈಗ ಇಲ್ಲಿ ಯಾರೂ ಇಲ್ಲ,
ಕಂಡಕ್ಟರ್ ಭೀಮ್ಸಿಯೊಬ್ಬನನ್ನು ಬಿಟ್ಟರೆ.
ಅವನೂ ಬಸ್‌ಸ್ಟ್ಯಾಂಡಷ್ಟೇ ಕಂಡವನು.

ಅಜ್ಜ ಮಲ್ಲೇಶಂ ಸಿರಿಸಿಲ್ಲದ ಕಡೆಯವನು.
ಮಗ್ಗ ಸೋತಾಗ ಸೋಲಾಪುರಕ್ಕೆ ಹೋದ;
ಅಲ್ಲಿ ಅವನನ್ನು ತೆಲಂಗಿ ಅಂದರು.
ದಾವಣಗೆರೆಯಲ್ಲಿ ಹತ್ತಿಮಿಲ್ಲು ಎದ್ದಿದೆಯೆಂದು ಕೇಳಿ
ಹೆಂಡತಿ, ಹಿತ್ತಾಳೆ ಕೊಡ, ಎರಡು ಲಾಳಿಯೊಂದಿಗೆ ರೈಲಿಳಿದ;
ಇಲ್ಲಿ ಸೋಲಾಪುರದವನಾದ.
ಮಿಲ್ಲಿನ ಗುಮಾಸ್ತ ಹಾಜರಿ ಪುಸ್ತಕದಲ್ಲಿ
ಮಲ್ಲೇಶಪ್ಪ ಎಂದು ಬರೆದುಕೊಂಡ.
ಪಗಾರ ಆ ಹೆಸರಿಗೇ ಬರುತ್ತಿದ್ದದ್ದರಿಂದ
ಅಜ್ಜ ತಿದ್ದಿಸಲಿಲ್ಲ.

ಸಾಲಿನಲ್ಲಿ ಇಪ್ಪತ್ತೆರಡು ಮನೆ, ಒಂದೇ ನಲ್ಲಿ.
ಅಜ್ಜಿ ನರ್ಸವ್ವ ಮಿಲ್ಲಿನ ಕೂಗನ್ನು ಭೋಂಗಾ ಎನ್ನುತ್ತಿದ್ದಳು, ಅದು ಮರಾಠಿ;
ಎಳೆ ಎಣಿಸುತ್ತಿದ್ದದ್ದು ಒಕಟಿ ರೆಂಡು ಮೂಡು;
ನಲ್ಲಿಯ ಹತ್ತಿರ ಜಗಳ ಮಾತ್ರ ಕನ್ನಡ.
ಎದುರಿನವಳಿಗೆ ತಿಳಿಯದಿದ್ದರೆ ಬೈದೇನು ಫಲ?

ಅಪ್ಪ ವಿಠೋಬ ರೊಕ್ಕ ಎಣಿಸಿದ್ದು ಕನ್ನಡದಲ್ಲಿ,
ಎಡವಿದಾಗ ಮಾತ್ರ ಬಾಯಿಗೆ ತೆಲುಗು.
ನನಗೆ ಉಳಿದದ್ದು ಆರೇಳು ಮಾತು:
ನಾಲ್ಕು ಅಡುಗೆಮನೆಯವು,
ಒಂದು ಮಕ್ಕಳೆದುರು ಆಡಬಾರದ್ದು.
ಮಗ ಪ್ರೀತಮ ಒಮ್ಮೆ ಕೇಳಿದ,
"ನಾವು ಒರಿಜಿನಲ್ ಎಲ್ಲಿಯವ್ರು ಮಮ್ಮಿ?"
ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ
ಅವನಿಗೆ ಫೋನು ಬಂತು.

ಭೋಂಗಾ ನಿಂತ ವರ್ಷ ಗೋಡೆಗೆ ಗಡಿಯಾರ ತಂದೆವು.
ಗಾಜುಲದವರು ಭಿವಂಡಿಗೆ ಹೋದರು.
ಬೊಲ್ಲಿಯವರು ಮನೆ ಮಾರಿ ನಿಟ್ಟುವಳ್ಳಿಯಲ್ಲಿ ಸೈಟು ಮಾಡಿದರು.
ಮೂಲೆಯ ಮೂರು ಮನೆ ಸೇರಿಸಿ ಬಾಫ್ನಾ ಸೇಠರು
ಸ್ಟೀಲ್ ಪಾತ್ರೆಯ ಗೋಡೌನು ಮಾಡಿದ್ದರು;
ಮೊಮ್ಮಗ ಅದನ್ನು ಕೆಡವಿ
ಡೆಂಟಲ್ ಓದುವ ಹುಡುಗಿಯರಿಗೆ ಪೀಜಿ ಎಬ್ಬಿಸಿದ್ದಾನೆ.
ಅವನ ಕನ್ನಡ ನನ್ನದಕ್ಕಿಂತ ಖಡಕ್ಕು.
ಹೋದ ನೂಲಹುಣ್ಣಿಮೆಗೆ ಮಾರ್ಕಂಡೇಶ್ವರನ ಗುಡಿಯಲ್ಲಿ
ಜನಿವಾರ ಬದಲಿಸಲು ಬಂದವರು ಐದೇ ಮಂದಿ,
ಅವರಲ್ಲಿ ಇಬ್ಬರ ಮಂತ್ರ ಮೊಬೈಲಿನಲ್ಲಿ.
ಗುಡಿಯ ಕೀಲಿ ನಮ್ಮ ಮನೆಯ ಮೊಳೆಗೆ.

ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದವರನ್ನು
ಓಣಿ ಸೂರತ್ತಿನವರು ಅನ್ನುತ್ತದೆ.
ಗಾರ್ಮೆಂಟ್ಸಿನಲ್ಲಿ ಕೆಲಸ. ಬಾಬುಲಾ, ಹೆಂಡತಿ ಜಮುನಾ,
ತಮ್ಮಂದಿರು ಇಬ್ಬರೋ ಮೂವರೋ,
ಪಾಳಿ ಮೇಲೆ ಮಲಗುವವರನ್ನು ಎಣಿಸುವುದು ಕಷ್ಟ.
"ರಾತ್ರಿಯೆಲ್ಲ ಮಾತು, ಹಗಲೆಲ್ಲ ಮೀನಿನ ವಾಸನೆ"
ಎಂದು ದೂರು ತಂದವರು ವಂಗಾರಿ ಅಂಬಾದಾಸಣ್ಣ.
ಅವರಪ್ಪನ ಮೇಲೂ ಇದೇ ದೂರು ಬಂದಿತ್ತೆಂದು
ಅಜ್ಜಿ ನಗುತ್ತಿದ್ದಳು.
ನಾನು ನೆನಪಿಸಲಿಲ್ಲ.
ಬಾಡಿಗೆ ಐನೂರು ಏರಿಸಿದೆ.

ಒಂದು ಬೆಳಿಗ್ಗೆ ಜಮುನಾ ಕಟ್ಟೆಯ ಮೇಲೆ ಕೂತು
ರಾತ್ರಿ ನೀರಲ್ಲಿಟ್ಟ ಅನ್ನಕ್ಕೆ ಈರುಳ್ಳಿ ಹೆಚ್ಚುತ್ತಿದ್ದಳು.
ಪಖಾಳ, ಅಂದಳು.
ಸದ್ದಿ, ಅಂದೆ.
ಆ ಆರೇಳರಲ್ಲಿ ಒಂದು;
ಅಜ್ಜಿ ಹೋದ ಮೇಲೆ ಯಾರೊಡನೆಯೂ ಆಡಿರಲಿಲ್ಲ.

ಅಂಗನವಾಡಿಯ ರಿಜಿಸ್ಟರು ಬರೆಯುವವಳು ನಾನೇ.
ಅವಳ ಮಗಳು ಟಿಕಿಯನ್ನು ಸೇರಿಸುವಾಗ
'ಸ್ವಂತ ಊರು' ಎಂಬಲ್ಲಿಗೆ ಬಂದೆ;
ಕೇಳುವ ಮೊದಲೇ 'ಸೂ' ಎಂದು ಬರೆದಿತ್ತು ಕೈ.
"ಸೂರತ್ ನಹೀ ದೀದಿ," ಅಂದಳು ಜಮುನಾ, "ಅಸ್ಕಾ."
ಸೂರತ್ತಿನಲ್ಲಿ ನಿಮ್ಮನ್ನು ಏನನ್ನುತ್ತಿದ್ದರು
ಎಂದು ಕೇಳಬೇಕಿತ್ತು, ಕೇಳಲಿಲ್ಲ.
ಹೊಡೆದುಹಾಕಿ, ಮೇಲೆ ಸಣ್ಣಕ್ಷರದಲ್ಲಿ ಅಸ್ಕಾ ಬರೆದೆ.

ಅಷ್ಟರಲ್ಲಿ ಟಿಕಿ, ಬಾಯಲ್ಲಿ ಚಿಕ್ಕಿ ಇಟ್ಟುಕೊಂಡೇ,
"ನಮ್ದು ಗುಡಿ ಹಿಂದ್ಗಡೆ ಐತ್ರೀ ಟೀಚರ್," ಅಂದಿತು.
ಅದನ್ನೂ ಬರೆದೆ.
ಅಂಕಣ ಸಾಲದೆ ಗೆರೆ ದಾಟಿ
ಮುಂದಿನ ಹುಡುಗನ ಸಾಲಿಗೆ ಇಳಿಯಿತು ಅಕ್ಷರ.