ಕೊನೆ ಡಬ್ಬಿಯ ಕೆಂಪು

ಗೇಣುದ್ದದ ಟೇಪಿನಲ್ಲಿ ಐವತ್ತು ಎಲ್‌ಇಡಿ.
ಒಂದೊಂದು ಗುಳಿಗೆ ಒಂದೊಂದು,
ರಾಗಿಕಾಳಿನ ಗಾತ್ರ, ಉಸಿರು ಬಿಟ್ಟರೆ ಉರುಳುವ ತೂಕ.
ಮೇಲಿನ ಪೊರೆ ಸುಲಿದು ಚಿಮಟದಲ್ಲಿ ಹಿಡಿದೆ.
ಮೊದಲನೆಯದು ಪಿಟ್ಟಂತ ಹಾರಿ
ಶಿಡ್ಲಘಟ್ಟದಲ್ಲಿ ಎಲ್ಲೋ ಇದೆ.

ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದವನು ನಾನು,
ಡಬ್ಬಾ ಟೀವಿಗಳ ಬೆನ್ನು ಬಿಚ್ಚಿ
ಮೊಣಕೈವರೆಗೆ ಒಳಗಿಳಿದವನು.
ಆಗಿನ ಸಾಮಾನಿಗೆ ಕಾಲಿದ್ದವು,
ಮೈಮೇಲೆ ಬಣ್ಣದ ಪಟ್ಟೆ,
ಹೆಸರು ಹಿಡಿದು ಕೂಗಬಹುದಿತ್ತು.
ಇವಕ್ಕೆ ಕಾಲಿಲ್ಲ. ಎರಡು ತುದಿಗೆ ತವರದ ಹೊಳಪು,
ಹೊಟ್ಟೆಯಡಿ ಒಂದು ಹಸಿರು ಗುರುತು.
ಅದು ಮೈನಸ್ಸು ಅಂತ ಒಂದು ಕಂಪನಿ,
ಅಲ್ಲ, ಪ್ಲಸ್ಸು ಅಂತ ಇನ್ನೊಂದು.
ನಾನು ಇಬ್ಬರನ್ನೂ ನಂಬದೆ
ಮೀಟರಿನ ಎರಡು ಮೊನೆ ತಾಗಿಸಿ ಅದನ್ನೇ ಕೇಳುತ್ತೇನೆ.
ಹೀಗಾ? ಉತ್ತರವಿಲ್ಲ.
ಹೀಗಾ? ಚೂರೇ ಚೂರು ಕೆಂಪಾಗುತ್ತದೆ,
ಬಿಸಿಲಿಗೆ ಬೆನ್ನು ಹಾಕಿ ನಿಂತ ಮಗುವಿನ ಕಿವಿಯಷ್ಟು.

ಮೇಜಿನ ಮೇಲೆ ಆರು ಡಬ್ಬಿಯ ರೈಲು,
ಹಳೇ ಪಿಸಿಬಿ ಕತ್ತರಿಸಿ ಮಾಡಿದ್ದು.
ಚಿಂತಾಮಣಿ ಕಡೆಯಿಂದ ಬರುತ್ತಿತ್ತಲ್ಲ,
ಓಡುವಾಗಲೇ ಇಳಿದು ಮತ್ತೆ ಹತ್ತಬಹುದಿತ್ತು ಅನ್ನುವ
ಆ ಪುಟ್ಟ ಹಳಿಯ ಗಾಡಿ.
ಕಿಟಕಿಗಳಿಗೆ ಹಳದಿ ಬಂದಾಯಿತು, ಇಂಜಿನ್ನಿಗೆ ಬಿಳಿ.
ಉಳಿದದ್ದು ಕೊನೆ ಡಬ್ಬಿಯ ಬೆನ್ನು.

ಅಪ್ಪ ಸ್ಟೇಶನ್ನಿನಲ್ಲಿ ಪಾಯಿಂಟ್ಸ್‌ಮನ್.
ಗಾಡಿ ಬಂತೆಂದು ನಾವು ಇಂಜಿನ್ನಿನತ್ತ ಓಡಿದರೆ
ಅವನೊಬ್ಬ ಅತ್ತ ತಿರುಗಿ
ಬಾಲ ಕಾಯುತ್ತ ನಿಂತಿರುತ್ತಿದ್ದ.
"ಹಿಂದ್ಗಡೆ ಕೆಂಪು ದೀಪ ಕಂಡ್ರೇನೇ ಕಣೋ
ಗಾಡಿ ಪೂರ್ತಿ ಬಂದಂಗೆ.
ಕಾಣ್ಲಿಲ್ವಾ, ಯಾವ್ದೋ ಡಬ್ಬಿ
ಕತ್ಲಲ್ಲಿ ಎಲ್ಲೋ ಕಳಚ್ಕೊಂಡು ನಿಂತೈತೆ ಅಂತ."

ತಲೆಗೂದಲಿಗಿಂತ ಸಣ್ಣ ತಾಮ್ರದ ತಂತಿ, ಅದರ ಮೇಲೆ ವಾರ್ನಿಶ್ಶು.
ಟ್ರಾನ್ಸ್‌ಫಾರ್ಮರಿನ ಕಾಲದ ಅಭ್ಯಾಸ, ಬ್ಲೇಡು ಹಿಡಿದು ಕೆರೆದೆ.
ತುಂಡಾಯಿತು.
ಕೆರೆದೆ, ತುಂಡಾಯಿತು.
ಕೆರೆಯದೆ ಬೆಸೆದೆ.
ಹಿಡಿದಂತೆ ಕಂಡಿತು, ಆದರೆ ಕರೆಂಟು ದಾಟಲಿಲ್ಲ,
ನೆಂಟಸ್ತನ ಮುಗಿದ ಮೇಲಿನ ನಮಸ್ಕಾರದ ಹಾಗೆ.

ಪಕ್ಕದ ಫಿಲೇಚರಿನ ಖಮರುನ್ನಿಸಾ
ಕೆಟ್ಟ ಚಾರ್ಜರು ಹಿಡಿದು ಬಂದಳು.
ಬೆಳಗಿನಿಂದ ಬಿಸಿನೀರಿನಲ್ಲಿ ಗೂಡು ತಡಕಿ
ಬೆರಳ ತುದಿ ಬಿಳಿಚಿ, ಗೆರೆ ಅಳಿಸಿ,
ರೇಷನ್ ಅಂಗಡಿಯ ಮೆಷಿನ್ನು
ತಿಂಗಳಿಗೊಮ್ಮೆ ಅವಳನ್ನು ಅವಳಲ್ಲ ಅನ್ನುತ್ತದೆ.
ಆ ಬೆರಳು ನನ್ನ ತಂತಿಯನ್ನು ಒಮ್ಮೆ ಹೊಸೆಯಿತು.

"ಇದ್ರ ಮೇಲೂ ಅಂಟೈತಲ್ಲಣ್ಣ.
ಗೂಡಿಂದು ನಾವು ಕೆರೆದು ತೆಗಿತೀವಾ?
ಬೇಯಿಸ್ತೀವಿ."

ಬೇಯಿಸಿದೆ.
ಕಾದ ಐರನ್ನಿನ ಮೂಗಿಗೆ ತವರದ ಒಂದು ಹನಿ,
ಹನಿಯೊಳಗೆ ತಂತಿಯ ತುದಿ, ಐದರವರೆಗೆ ಎಣಿಕೆ.
ಕಮಟು ಹೊಗೆಯೊಂದು ಎದ್ದು ಹೋಯಿತು,
ತುದಿ ಬೆಳ್ಳಗೆ ಹೊರಬಂತು.
ಚಿಮಟ ಬೇಡವೆಂದು ಅವಳೇ
ನಾಲಿಗೆಗೆ ತಾಗಿಸಿದ ಬೆರಳಲ್ಲಿ ದೀಪ ಎತ್ತಿ
ಅಂಟುಟೇಪಿನ ಮೇಲೆ ಮಲಗಿಸಿದಳು.
ಒಂದು ಬದಿ ಬೆಸೆದಾಗ ಇನ್ನೊಂದು ಬದಿ ಮೇಲೆದ್ದು
ಮೀಲುಗಲ್ಲಿನಂತೆ ನಿಂತುಕೊಂಡಿತು, ಸುಮ್ಮನೆ ಬೈದೆ.
ಮತ್ತೆ ಮಲಗಿತು.

ಒಂದು ಕೆ ರೆಸಿಸ್ಟರ್ ಹಾಕಿದರೆ
ಮನೆಗೆ ಬೆಂಕಿ ಬಿದ್ದ ಕೆಂಪು.
ಅಪ್ಪ ನೋಡುತ್ತಿದ್ದದ್ದು ಸೀಮೆಎಣ್ಣೆ ಲಾಂದ್ರ.
ಹತ್ತು ಕೆ. ಇನ್ನೂ ಜೋರು.
ನಲವತ್ತೇಳು.
ಹಾಂ, ಮಸಿ ಹಿಡಿದ ಗಾಜಿನ ಹಿಂದೆ ಇದ್ದದ್ದು ಇದೇ.

ಟ್ಯೂಬ್‌ಲೈಟು ಆರಿಸಿದೆ.
"ಇಷ್ಟೇನಾ?" ಅಂದಳು.
"ಇಷ್ಟೇ."
ಚಾರ್ಜರು ನಾಳೆ ಕೊಡುತ್ತೇನೆ ಅಂದೆ.
ಅವಳು ಹೋದಮೇಲೆ ಕುರ್ಚಿ ಬಿಟ್ಟೆದ್ದು
ಮೇಜು ಸುತ್ತಿ, ಇಂಜಿನ್ನು ದಾಟಿ,
ಕಿಟಕಿಗಳನ್ನು ದಾಟಿ
ಹಿಂದುಗಡೆ ಹೋಗಿ ನಿಂತುಕೊಂಡೆ.