ಹನ್ನೊಂದು ಫ್ಯಾನು

ಕಾಕ್ಸ್ ಟೌನಿನ ಈ ಚರ್ಚಿನಲ್ಲಿ ಹನ್ನೊಂದು ಫ್ಯಾನು.
ಸ್ವಿಚ್ಚು ಒತ್ತಿದ ಕೂಡಲೆ ನಿಲ್ಲುವ ಜಾತಿಯವಲ್ಲ,
ಉದ್ದ ಕೋಲಿನ ತುದಿಗೆ ನೇತುಬಿದ್ದ ಹಳೆಯವು;
ಸುತ್ತಿ ಸುತ್ತಿ, ದಣಿದು, ಮನಸ್ಸು ಮಾಡಿ ನಿಲ್ಲಲು
ನಲವತ್ತು ಎಣಿಸಬೇಕು. ಆರನೆಯದಕ್ಕೆ ಅರವತ್ತು,
ಅದೂ ಕಿರ್ರೆಂದು ತನ್ನ ಕೊನೆಯ ಮಾತು ಆಡಿಯೇ.

ಆದ್ದರಿಂದ ನನಗೂ ಒಂದು ಪಾರ್ಟು ಕೊಟ್ಟಿದ್ದಾರೆ.
ಡೆನ್ಜಿಲ್ ಮಾಸ್ತರು ಪೆನ್ಸಿಲಿನಲ್ಲಿ ಗುರುತು ಹಾಕಿದ ಹಾಳೆ:
'ಇಲ್ಲಿ ಆರಿಸು ಇನ್ನಾಸಪ್ಪ, ಒಂದು ಪುಟ ಮುಂಚೆಯೇ.'
ಹಾಡುವವರು ಹದಿನಾರು ಮಂದಿ.
ನಾನು ಹದಿನೇಳನೆಯವನು, ಬಾಗಿಲ ಮರೆಯಲ್ಲಿ
ಸ್ವಿಚ್ ಬೋರ್ಡಿನ ಮೇಲೆ ಬೆರಳಿಟ್ಟು
ಸದ್ದಿಲ್ಲದಿರುವುದನ್ನು ನುಡಿಸುತ್ತೇನೆ.

ಏಪ್ರಿಲ್ಲು. ಬೆಂಚುಗಳಲ್ಲಿ ಪ್ರೋಗ್ರಾಂ ಹಾಳೆಯೇ ಬೀಸಣಿಗೆ.
ಹಲ್ಲಿನ ಡಾಕ್ಟರು ಯೂನಿಸಮ್ಮನದು ಮೇಲಿನ ದನಿ.
ಎಲ್‌ಐಸಿಯ ವರದರಾಜುವಿನದು ಕೆಳಗಿನದು,
ನೆಲಮಾಳಿಗೆಯಲ್ಲಿ ಯಾರೋ ಬೀರು ಸರಿಸಿದ ಹಾಗೆ.
ಆಲ್ಟೋ ಹುಡುಗಿ ಟ್ರಾಫಿಕ್ಕಿನಿಂದ ನೇರ ಓಡಿ ಬಂದವಳು,
ಹೆಲ್ಮೆಟ್ಟಿನ ಗೆರೆ ಇನ್ನೂ ಹಣೆಯ ಮೇಲಿದೆ.

ಆರಿಸಿದೆ. ಎಣಿಸಿದೆ. ಆರನೆಯದು ಕಿರ್ರೆಂದಿತು.
ಆಮೇಲೆ ಆ ನಿಶ್ಶಬ್ದದ ಅಂಚು ಹಿಡಿದುಕೊಂಡು
ಉಸಿರಿಗಿಂತ ಒಂದೆಳೆ ದಪ್ಪಗೆ ಎದ್ದಿತು
ಕೀರಿಯೆ ಎಲೆಯ್ಸೋನ್.

ನಮ್ಮಜ್ಜಿ ತೆರೆಸಮ್ಮ ಲ್ಯಾಟಿನ್ನಿನ ಕಾಲದವಳು.
ಪೂಜೆಯಲ್ಲಿ ಇದೇ ಮಾತಿಗೆ ಗಟ್ಟಿಯಾಗಿ ದನಿಗೂಡಿಸುತ್ತಿದ್ದಳು:
'ಕೀರೆ, ಎಲೆ, ಈ ಸೊಪ್ಪು...'
ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳಿಗೆ
ಅರ್ಥ ಬೇರೆ ಬೇಕೆ? ಬೋಣಿಗೆ ಮುಂಚೆಯೇ
ದೇವರೂ ಸೊಪ್ಪು ಕೇಳುತ್ತಾನಲ್ಲ ಎಂದು ಬೆರಗು, ಅಷ್ಟೆ.
ಕರುಣಿಸು ಎಂದು ಅದರರ್ಥ ಅಂತ ಫಾದರ್ ತಿಳಿಸಿದಾಗ
ಕೈಯಲ್ಲಿದ್ದ ಕಟ್ಟನ್ನು ತೂಗಿ ನೋಡಿ ಅಂದಳಂತೆ:
'ಸರಿಹೋಯ್ತು ಸ್ವಾಮಿ, ಬಾಡೋದರೊಳಗೆ ಕರುಣಿಸಬೇಕು.'

ಇಂಟರ್ವಲ್ಲಿಗೆ ಹನ್ನೊಂದನ್ನೂ ಬಿಟ್ಟೆ. ಸಮೋಸ, ಕಾಫಿ.
ಎರಡನೆಯ ಭಾಗ ದೇವರಿಲ್ಲದ್ದು:
ಕೋಗಿಲೆ, ಹೆಂಡ, ಕೈಕೊಟ್ಟ ಹುಡುಗಿ.
ಅದೇ ಬಾಯಿ, ಅದೇ ಬೆವರು.
ಯೂನಿಸಮ್ಮನ ಕಣ್ಣು ಮಾತ್ರ ಮೇಲಿನ ಗಾಜಿನಿಂದ ಇಳಿದು
ಬೆಂಚುಗಳ ನಡುವೆ ಯಾರನ್ನೋ ಹುಡುಕುವಂತಿತ್ತು.
ಕಡೆಯದು ನಲ್ಲ ಬಾರದ ರಾತ್ರಿಯ ಹಾಡು;
ಹಾಳೆಯಲ್ಲಿ ಗುರುತಿತ್ತು, ಆರಿಸಿದೆ.
ನಲವತ್ತು. ಅರವತ್ತು.
ಆರನೆಯದು ಈ ಸಲ ಕಿರ್ರೆನ್ನಲಿಲ್ಲ.

ಹಾಡು ಮುಗಿದೂ ಮಾಸ್ತರ ಕೈ ಕೆಳಗಿಳಿಯದೆ,
ಯಾರೂ ಚಪ್ಪಾಳೆ ತಟ್ಟದ ಆ ಗಳಿಗೆಯಲ್ಲಿ
ಈಸ್ಟ್ ಸ್ಟೇಷನ್ನು ದಾಟುವ ಗೂಡ್ಸೊಂದು
ಡಬ್ಬಿಯ ಮೇಲೆ ಡಬ್ಬಿ ಎಣಿಸುತ್ತಿತ್ತು, ನನ್ನ ಹಾಗೆಯೇ.
ಫ್ಯಾನು ಹಾಕುವುದನ್ನು ಮರೆತೆ.
ಜನ ಬೆವರುತ್ತಲೇ ಎದ್ದು ಹೋದರು, ಯಾರೂ ಬೈಯಲಿಲ್ಲ.

ಬೆಳಗ್ಗೆ ತಳ್ಳುಗಾಡಿಯ ಪಿಳ್ಳಮ್ಮ ಬಂದಳು.
ಸೊಪ್ಪೂ ಎನ್ನುವಾಗ ಎರಡನೆಯ ಅಕ್ಷರವನ್ನು
ಬೀದಿಯ ಕೊನೆಯ ಮನೆವರೆಗೂ ಎಳೆಯುತ್ತಾಳೆ.
ಗೇಟು ತೆರೆದು ನಿಂತೆ.
ಕೀರೆ ಇದೆಯಾ ಅಂದೆ.
ದಂಟಿದೆ, ಮೆಂತ್ಯ ಇದೆ,
ಕೀರೆ ನಾಳೆ, ಅಂದಳು.